ಎಕ್ಸ್‌ಕ್ಲೇವ್ ಎಂಬ ಶಬ್ದವೂ ಪಾವಗಡದ ಪಾಡೂ

ಪಾವಗಡದ ವಾಚಕ ಮಹನೀಯರೊಬ್ಬರು ನಮಗೆ ಒಂದು ಚಿಕ್ಕ ಕಾಗದವನ್ನು ಬರೆದಿದ್ದಾರೆ. ಯಾವುದೋ ಇಂಗ್ಲಿಷ್ ಲೇಖನದಲ್ಲಿ ತಮ್ಮ ತಾಲ್ಲೂಕನ್ನು ತುಮಕೂರು ಜಿಲ್ಲೆಯ ‘ಎಕ್ಸ್‌ಕ್ಲೇವ್’ ಎಂದು ಕರೆದಿರುವುದನ್ನು ಅವರು ಕಂಡರಂತೆ. ಇದು ಬಿರುದೋ ಬೈಗುಳವೋ ತಿಳಿಯದೆ ಊರಿನ ನಾಲ್ಕಾರು ಮಂದಿ ವಿದ್ಯಾವಂತರನ್ನು ಕೇಳಿದಾಗ, ಒಬ್ಬರು ‘ಗಡಿ ತಾಲ್ಲೂಕು’ ಎಂದೂ, ಇನ್ನೊಬ್ಬರು ‘ಹಿಂದುಳಿದ ಪ್ರದೇಶ’ ಎಂದೂ, ಮತ್ತೊಬ್ಬರು ಅದು ‘ಎನ್‌ಕ್ಲೇವ್’ ಎಂಬುದರ ಅಚ್ಚಿನ ತಪ್ಪೆಂದೂ ಹೇಳಿದರಂತೆ. ಮೂರು ಉತ್ತರಗಳೂ ಸರಿಯಲ್ಲ. ಆದರೆ ಈ ಮೂರು ತಪ್ಪುಗಳಲ್ಲಿಯೇ ಪಾವಗಡದ ವಿಷಯದಲ್ಲಿ ಸರ್ಕಾರದವರೂ ಪ್ರಜಾ ಪ್ರತಿನಿಧಿಗಳೂ ಬಹುಕಾಲದಿಂದ ಮಾಡುತ್ತ ಬಂದಿರುವ ತಪ್ಪೂ ಅಡಗಿದೆಯಾದುದರಿಂದ, ಪ್ರಶ್ನೆಯನ್ನು ನಿಘಂಟಿನ ಮಟ್ಟದಲ್ಲಿಯೇ ಮುಗಿಸಿಬಿಡದೆ ಸ್ವಲ್ಪ ವಿಸ್ತಾರವಾಗಿ ವಿಚಾರ ಮಾಡಲು ಮನಸ್ಸು ಮಾಡಿದ್ದೇವೆ.

ಮೊದಲು ಶಬ್ದಾರ್ಥ. ಲ್ಯಾಟಿನ್ ಭಾಷೆಯಲ್ಲಿ ‘ಕ್ಲಾವಿಸ್’ ಎಂದರೆ ಬೀಗದ ಕೈ. ಅದರಿಂದ ಬೀಗ ಹಾಕಿ ಒಳಗಿಡುವುದು ಎಂಬರ್ಥದ ಕ್ರಿಯಾಪದ ಹುಟ್ಟಿತು. ಅದು ಫ್ರೆಂಚರ ಬಾಯಲ್ಲಿ ಸವೆದು ‘ಎನ್‌ಕ್ಲೇವ್’ ಆಗಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷಿಗೆ ಬಂದಿತು. (ಕ್ಲಾವಿಸ್ ಎಂಬುದೂ ನಮ್ಮ ಕೀಲಿ ಎಂಬುದೂ ಸದ್ದಿನಲ್ಲಿ ಹತ್ತಿರವಾಗಿವೆಯೆಂದು ಅವೆರಡಕ್ಕೂ ನಂಟು ಕಟ್ಟುವ ಉತ್ಸಾಹಿಗಳಿದ್ದಾರೆ. ಸದ್ದು ಕೂಡಿದ ಮಾತ್ರಕ್ಕೆ ಗೋತ್ರ ಕೂಡುವುದಿಲ್ಲ.) ಆ ಮೇಲೆ ಅದೇ ಅಚ್ಚಿನಲ್ಲಿ ‘ಎನ್’ ಎಂಬುದನ್ನು ತೆಗೆದು ‘ಎಕ್ಸ್’ ಎಂಬುದನ್ನು ಸೇರಿಸಿ ‘ಎಕ್ಸ್‌ಕ್ಲೇವ್’ ಎಂಬ ಶಬ್ದವನ್ನು ಭೂಗೋಳಜ್ಞರು ಮಾಡಿಕೊಂಡರು. ಮೊದಲನೆಯದು ಒಳಗೆ ಸಿಕ್ಕಿಬಿದ್ದ ಭೂಮಿ. ಎರಡನೆಯದು ಹೊರಗೆ ಉಳಿದುಹೋದ ಭೂಮಿ. ಅನೇಕ ವೇಳೆ ಭೂಮಿ ಒಂದೇ, ನೋಡುವವನು ಬೇರೆ. ಸುತ್ತಲಿನ ರಾಜ್ಯದವನು ತನ್ನ ಹೊಟ್ಟೆಯೊಳಗಿರುವ ಪರರ ತುಂಡನ್ನು ಎನ್‌ಕ್ಲೇವ್ ಎನ್ನುತ್ತಾನೆ. ಆ ತುಂಡಿನ ಒಡೆಯನು ತನ್ನಿಂದ ಅಗಲಿ ಅನ್ಯರ ನಡುವೆ ಬಿದ್ದಿರುವ ತನ್ನ ಅಂಶವನ್ನು ಎಕ್ಸ್‌ಕ್ಲೇವ್ ಎನ್ನುತ್ತಾನೆ. ಆದುದರಿಂದ ಎಕ್ಸ್‌ಕ್ಲೇವ್ ಎಂಬುದು ತವರಿನವರ ಬಾಯಿಂದ ಬರತಕ್ಕ ಮಾತು. ಅದರಲ್ಲಿ ಒಂದು ಹಕ್ಕೂ ಒಂದು ಹೊಣೆಯೂ ಅಡಗಿವೆ.

ಈಚೆಗೆ ಬೆಂಗಳೂರು, ದೆಹಲಿ ಮೊದಲಾದ ಪಟ್ಟಣಗಳಲ್ಲಿ ಗೋಡೆ ಕಟ್ಟಿ ಕಾವಲಿಟ್ಟ ಮನೆಗಳ ಗುಂಪಿಗೆ ‘ಎನ್‌ಕ್ಲೇವ್’ ಎಂದು ಹೆಸರಿಡುವುದು ಮರ್ಯಾದೆಯ ಗುರುತಾಗಿದೆ. ಅಲ್ಲಿ ಬೀಗದ ಕೈ ಒಳಗಿನವರ ಹತ್ತಿರವೇ ಇರುತ್ತದೆ. ನಾವು ಹೇಳಹೊರಟಿರುವ ಸಂಗತಿಯಲ್ಲಿ ಕೈ ಇರುವುದು ಹೊರಗಿನವರ ಹತ್ತಿರ.

ಕನ್ನಡದಲ್ಲಿ ಈ ಎರಡಕ್ಕೂ ರೂಢವಾದ ಶಬ್ದವಿಲ್ಲ. ‘ದ್ವೀಪ’, ‘ನಡುಗಡ್ಡೆ’ ಎಂದು ಬರೆಯುವವರುಂಟು. ಆದರೆ ದ್ವೀಪದ ಸುತ್ತಲಿನ ನೀರಿಗೆ ತಹಶೀಲ್ದಾರರಿಲ್ಲ, ಚೌಕಿಯಿಲ್ಲ, ದೋಣಿಯುಳ್ಳವನು ದಾಟಬಹುದು. ‘ಹೊರನಾಡು’ ಎಂಬ ಮಾತು ಬೇರೆ ರಾಜ್ಯಗಳಲ್ಲಿ ನೆಲೆಸಿದ ಕನ್ನಡಿಗರ ವಿಷಯದಲ್ಲಿ ಮುಡಿಪಾಗಿಹೋಗಿದೆ. ಎನ್‌ಕ್ಲೇವಿಗೆ ‘ಸೆರೆಸೀಮೆ’ ಎಂದೂ ಎಕ್ಸ್‌ಕ್ಲೇವಿಗೆ ‘ಬಿಡಿಸೀಮೆ’ ಎಂದೂ ಕರೆದರೆ ಅರ್ಥಕ್ಕೆ ಹಾನಿಯಿಲ್ಲವೆಂದು ನಮಗೆ ತೋರುತ್ತದೆ. ವಿದ್ವಾಂಸರು ಇದಕ್ಕಿಂತ ಒಳ್ಳೆಯದನ್ನು ಸೂಚಿಸಿದರೆ ನಮ್ಮದನ್ನು ಹಿಂತೆಗೆದುಕೊಳ್ಳಲು ಸಂಕೋಚವಿಲ್ಲ. ಬಂಗಾಳಿಗಳು ಈ ವಿಷಯದಲ್ಲಿ ನಮಗಿಂತ ಮುಂದು. ಅವರ ಜನ ಈ ಕಷ್ಟವನ್ನು ಅನುಭವಿಸಿದ್ದರಿಂದ ‘ಛಿಟ್‌ಮಹಲ್’ ಎಂಬ ತಮ್ಮದೇ ಶಬ್ದವನ್ನು ಬಹಳ ಹಿಂದೆಯೇ ಮಾಡಿಕೊಂಡರು.

ಹಳೆಯ ಮೈಸೂರಿನವರಿಗೆ ವಸ್ತು ಹೊಸದಲ್ಲ, ಹೆಸರು ಮಾತ್ರ ಹೊಸದು. ಬೆಂಗಳೂರಿನ ದಂಡಿನ ಪ್ರದೇಶವು ಮೈಸೂರು ಸಂಸ್ಥಾನದ ನಡುವೆಯೇ ಇದ್ದು ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿತ್ತು. 1947ರ ಜುಲೈ ತಿಂಗಳಲ್ಲಿ ಅದು ಸಂಸ್ಥಾನಕ್ಕೆ ಮರಳಿತು. ಶ್ರೀರಂಗಪಟ್ಟಣದ ದ್ವೀಪವೂ 1799ರಿಂದ ಕಂಪನಿಯವರ ಸ್ವತ್ತಾಗಿ, ಮೈಸೂರಿನವರು ವರ್ಷಕ್ಕೆ 50,000 ರೂಪಾಯಿ ಗುತ್ತಿಗೆ ತೆತ್ತು ಅನುಭವಿಸಬೇಕಾಗಿತ್ತು. ಸೊಂಡೂರು ಸಂಸ್ಥಾನವು 1949ರಲ್ಲಿ ವಿಲೀನವಾಗುವವರೆಗೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯೊಳಗಿನ ಸೆರೆಸೀಮೆಯೇ ಆಗಿತ್ತು. ಇವೆಲ್ಲವೂ ಅಳಿದುವು. ಪಾವಗಡ ಮಾತ್ರ ಉಳಿದಿದೆ.

ನಕ್ಷೆಯನ್ನು ತೆರೆದು ನೋಡಬೇಕು. ಮಧುಗಿರಿ ಉಪವಿಭಾಗದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿವೆ. ಮೊದಲಿನ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ನಾಲ್ಕನೆಯದಾದ ಪಾವಗಡಕ್ಕೂ ಇವುಗಳಿಗೂ ನಡುವೆ ಆಂಧ್ರಪ್ರದೇಶದ ಮಡಕಶಿರಾ ಸೀಮೆ ಚಾಚಿಕೊಂಡಿದೆ. ಈ ಸೀಮೆ 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿದ್ದು, ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಪಾವಗಡದ ಮಿಕ್ಕ ದಿಕ್ಕುಗಳಲ್ಲಿಯೂ ಬಹುಪಾಲು ಆಂಧ್ರದ ನೆಲವೇ. ಪಡುವಣ ಅಂಚಿನಲ್ಲಿ ಮಾತ್ರ ಅದು ಕರ್ನಾಟಕವನ್ನು ಮುಟ್ಟುತ್ತದೆ. ಆದರೆ ಮುಟ್ಟುವುದು ಚಿತ್ರದುರ್ಗ ಜಿಲ್ಲೆಯನ್ನು, ತನ್ನ ಜಿಲ್ಲೆಯಾದ ತುಮಕೂರನ್ನಲ್ಲ. ಹೀಗಾಗಿ ಪಾವಗಡವು ತುಮಕೂರು ಜಿಲ್ಲೆಯ ಮಟ್ಟಿಗೆ ಸಂಪೂರ್ಣವಾದ ಬಿಡಿಸೀಮೆ. ಕರ್ನಾಟಕ ರಾಜ್ಯದ ಮಟ್ಟಿಗೆ ಹಾಗಲ್ಲ.

ಈ ಎರಡನೆಯ ಬಗೆಗೂ ಶಾಸ್ತ್ರಕಾರರು ಹೆಸರಿಟ್ಟಿದ್ದಾರೆ. ರಾಬಿನ್‌ಸನ್ ಎಂಬ ಭೂಗೋಳಜ್ಞರು 1959ರಲ್ಲಿ ಬಿಡಿಸೀಮೆಗಳನ್ನು ವರ್ಗೀಕರಿಸಿ, ತವರಿಗೆ ಅಂಟಿಕೊಂಡಿದ್ದರೂ ಅನ್ಯರ ನೆಲದ ಮೂಲಕವಲ್ಲದೆ ಅನುಕೂಲವಾಗಿ ಹೋಗಿಬರಲಾಗದ ಭೂಮಿಗೆ ‘ಪೀನ್-ಎಕ್ಸ್‌ಕ್ಲೇವ್’ ಎಂದರು. ಲ್ಯಾಟಿನ್ನಿನಲ್ಲಿ ‘ಪೇನೆ’ ಎಂದರೆ ಬಹುಮಟ್ಟಿಗೆ; ಬಹುಮಟ್ಟಿಗೆ ದ್ವೀಪವಾದುದು ಇಂಗ್ಲಿಷಿನಲ್ಲಿ ಪೆನಿನ್ಸುಲಾ ಆದಂತೆ. ಆಸ್ಟ್ರಿಯಾ ದೇಶದ ಕ್ಲೈನ್‌ವಾಲ್ಸರ್‌ಟಾಲ್ ಎಂಬ ಕಣಿವೆ ಇದಕ್ಕೆ ಪ್ರಸಿದ್ಧ ನಿದರ್ಶನ. ಅದು ಆಸ್ಟ್ರಿಯಾದ ಅವಿಚ್ಛಿನ್ನ ಭಾಗವೇ ಹೌದು, ಆದರೆ ನಡುವೆ ಬೆಟ್ಟ. ಗಾಡಿಯ ದಾರಿ ಜರ್ಮನಿಯ ಮೂಲಕ. ಪಾವಗಡದವರು ಚಿತ್ರದುರ್ಗದ ಕಡೆಯಿಂದ ಸುತ್ತಿ ಬಂದರೆ ಕನ್ನಡ ನೆಲದಲ್ಲಿಯೇ ತುಮಕೂರನ್ನು ಸೇರಬಹುದು. ಮಧುಗಿರಿಯ ನೇರ ದಾರಿಯನ್ನು ಹಿಡಿದರೆ ಆಂಧ್ರದೊಳಗೆ ಹೊಕ್ಕು ಹೊರಬೀಳಬೇಕು. ಯಾವನು ತಾನೇ ಸುತ್ತುಹಾದಿಯನ್ನು ಹಿಡಿದಾನು?

ಇಂಥ ವಿಚಿತ್ರ ಹೇಗಾಯಿತೆಂಬುದು ಇತಿಹಾಸದ ಮಾತು. ಇಂದು ನಡುವೆ ಬಂದಿರುವ ಮಡಕಶಿರಾ ಸೀಮೆಯಲ್ಲಿಯೇ ಹೇಮಾವತಿ ಎಂಬ ಊರಿದೆ. ಅದೇ ಶಾಸನಗಳ ಹೆಂಜೇರು, ನೊಳಂಬ ಪಲ್ಲವರ ರಾಜಧಾನಿ. ಒಂದು ಕಾಲದಲ್ಲಿ ಈ ಪ್ರಾಂತವೆಲ್ಲ ನೊಳಂಬವಾಡಿ. ಇಂದಿನ ‘ಪರಸೀಮೆ’ಯೇ ಅದರ ಹೃದಯ. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗದಿಂದ ಆಳಿದವರ ಕಾಲದಲ್ಲಿಯೂ ಈ ಗೆರೆ ಇರಲಿಲ್ಲ. 1687ರ ಮೇಲೆ ಮೊಗಲರು ಶಿರಾದಲ್ಲಿ ಸುಭೆಯನ್ನು ಸ್ಥಾಪಿಸಿದಾಗ ಅದರ ಏಳು ಪರಗಣೆಗಳಲ್ಲಿ ಪೆನುಕೊಂಡೆಯೂ ಒಂದಾಗಿತ್ತು. ಅಂದರೆ ಶಿರಾದ ಸುಬೇದಾರನಿಗೆ ಮಡಕಶಿರಾದ ಆಚೆಯ ನೆಲವೂ ಮನೆಯಂಗಳವೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪುವಿನ ರಾಜ್ಯವನ್ನು ಹಂಚಿದಾಗ ಪಾವಗಡ ಮೈಸೂರಿನ ಪಾಲಿಗೆ ಉಳಿಯಿತು. ನಿಜಾಮರ ಕೈಸೇರಿದ್ದ ಸೀಮೆಗಳು 1800ರಲ್ಲಿ ಕಂಪನಿಗೆ ಬಿಟ್ಟುಕೊಡಲ್ಪಟ್ಟು ದತ್ತಮಂಡಲಗಳೆನಿಸಿದುವು. ಮಡಕಶಿರಾ ಆ ಕಡೆಗೆ ಹೋಯಿತು. ಗೆರೆ ಎಳೆದವರಿಗೆ ಬೇಕಾಗಿದ್ದುದು ಕಂದಾಯದ ಮೊತ್ತ ಸರಿಹೊಂದುವುದು. ಯಾವ ಊರಿನವನು ಯಾವ ಸಂತೆಗೆ ಹೋಗುವನೆಂಬ ಚಿಂತೆ ಅವರಿಗಿರಲಿಲ್ಲ.

ಆ ಗೆರೆಯನ್ನು ತಿದ್ದುವ ಸಂದರ್ಭ 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಒಮ್ಮೆ, 1956ರ ಪುನರ್ವಿಂಗಡಣೆಯಲ್ಲಿ ಇನ್ನೊಮ್ಮೆ ಒದಗಿತ್ತು. ಆಗ ಎಲ್ಲರ ಕಣ್ಣೂ ಬಳ್ಳಾರಿಯ ಮೇಲೆ. ಬಳ್ಳಾರಿ ನಮಗೆ ಬಂದಿತು; ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದುವು. ಕನ್ನಡ ಮಾತನಾಡುವ ಜನ ತುಂಬಿರುವ ಮಡಕಶಿರಾ ಸೀಮೆಯ ಗೋಜಿಗೆ ಯಾರೂ ಗಟ್ಟಿಯಾಗಿ ಹೋಗಲಿಲ್ಲ. ಅಮರಾಪುರ, ಅಗಳಿ, ರೊಳ್ಳ ಈ ಭಾಗಗಳ ಶಾಲೆಗಳಲ್ಲಿ ಇಂದಿಗೂ ಕನ್ನಡ ಕಲಿಸುತ್ತಾರೆ. ಈಚೆಗೆ ಪಾವಗಡದ ಮನೆಗಳಲ್ಲಿ ತೆಲುಗು ಧಾರಾಳವಾಗಿ ಕೇಳಿಬರುತ್ತದೆ. ಭಾಷೆಯೊಂದನ್ನೇ ಅಳತೆಗೋಲು ಮಾಡಿಕೊಂಡರೂ ಇಲ್ಲಿಯ ಗೆರೆ ಸಮರ್ಥನೀಯವಾಗಲಾರದು. ಇದನ್ನು ಹೇಳುವುದರಿಂದ ನೆರೆರಾಜ್ಯದ ಮೇಲೆ ಕಾಲು ಕೆರೆಯುವುದು ನಮ್ಮ ಉದ್ದೇಶವೆಂದು ಯಾರೂ ಭಾವಿಸತಕ್ಕದ್ದಲ್ಲ. ಸೌಹಾರ್ದದಿಂದ ಗೆರೆಗಳನ್ನು ತಿದ್ದಿಕೊಂಡ ಪೂರ್ವೋದಾಹರಣೆ ಈ ಎರಡು ರಾಜ್ಯಗಳ ನಡುವೆಯೇ ಇದೆ: 1968ರಲ್ಲಿ ಪಾರ್ಲಿಮೆಂಟು ಒಂದು ಚಿಕ್ಕ ಕಾಯಿದೆಯನ್ನು ಮಾಡಿ ಮೈಸೂರಿನ ಸ್ವಲ್ಪ ಭೂಮಿಯನ್ನು ಆಂಧ್ರಪ್ರದೇಶಕ್ಕೆ ವರ್ಗಾಯಿಸಿತು. ರಾಜ್ಯಾಂಗದ ಮೊದಲನೆಯ ಅನುಸೂಚಿಯಲ್ಲಿ ಅದು ಇಂದಿಗೂ ದಾಖಲಾಗಿದೆ. ಆಗ ಆಕಾಶವೇನೂ ಕಳಚಿ ಬೀಳಲಿಲ್ಲ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಸೆರೆಸೀಮೆಯ ಪ್ರಶ್ನೆ ಯಾವಾಗಲೂ ಒಂದೇ: ಹಾದಿಯ ಹಕ್ಕು. ಇದನ್ನು ಲೋಕದ ಅತ್ಯುನ್ನತ ನ್ಯಾಯಸ್ಥಾನವೇ ವಿಚಾರಿಸಿದೆ, ಅದೂ ನಮ್ಮ ದೇಶದ ವ್ಯಾಜ್ಯದಲ್ಲಿ. ದಾದ್ರಾ ಮತ್ತು ನಗರ ಹವೇಲಿ ಎಂಬ ಪೋರ್ಚುಗೀಸರ ಸೆರೆಸೀಮೆಗಳನ್ನು 1954ರಲ್ಲಿ ದೇಶಭಕ್ತರು ಬಿಡುಗಡೆ ಮಾಡಿದಾಗ, ದಮನ್‌ನಿಂದ ಅಲ್ಲಿಗೆ ಹೋಗಲು ಭಾರತ ದಾರಿ ಬಿಡಲಿಲ್ಲವೆಂದು ಪೋರ್ಚುಗಲ್ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1960ರ ಏಪ್ರಿಲ್ 12ರಂದು ತೀರ್ಪಾಯಿತು. ಖಾಸಗಿ ಜನರಿಗೂ ಸಿವಿಲ್ ಅಧಿಕಾರಿಗಳಿಗೂ ಸರಕಿಗೂ ದಾರಿಯ ಹಕ್ಕು ಇತ್ತು. ಸೈನ್ಯಕ್ಕೂ ಸಶಸ್ತ್ರ ಪೊಲೀಸರಿಗೂ ಆಯುಧಗಳಿಗೂ ಇರಲಿಲ್ಲ. ಭಾರತ ತನ್ನ ಹೊಣೆಗೆ ವಿರುದ್ಧವಾಗಿ ನಡೆದಿಲ್ಲ ಎಂದು ನ್ಯಾಯಾಲಯ ಹೇಳಿತು. ಹಾದಿ ಎಂಬುದು ಒಂದೇ ವಸ್ತುವಲ್ಲ, ಯಾರು ಏನನ್ನು ಹೊತ್ತು ನಡೆಯುತ್ತಾರೆಂಬುದರ ಮೇಲೆ ಹಕ್ಕು ಬೇರೆಬೇರೆಯಾಗುತ್ತದೆ ಎಂಬ ಈ ವಿವೇಕ ನಮ್ಮ ಪ್ರಸಂಗಕ್ಕೂ ಬೇಕಾದುದು.

ಹಾದಿಯಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಕೂಚ್‌ಬಿಹಾರದ ಛಿಟ್‌ಮಹಲುಗಳು ತೋರಿಸಿದುವು. ಬಾಂಗ್ಲಾದೇಶದೊಳಗೆ ಭಾರತದ 111 ತುಂಡುಗಳು, ಭಾರತದೊಳಗೆ ಬಾಂಗ್ಲಾದ 51 ತುಂಡುಗಳು. ಒಂದು ಕಡೆ ಬಾಂಗ್ಲಾದೊಳಗಿನ ಭಾರತದೊಳಗಿನ ಬಾಂಗ್ಲಾದೊಳಗೆ ಭಾರತದ ಒಂದು ಹೊಲವೂ ಇತ್ತು! ಅಲ್ಲಿಯ ಜನಕ್ಕೆ ಪೊಲೀಸು, ಶಾಲೆ, ದೀಪ ಯಾವುದೂ ಸರಿಯಾಗಿ ದಕ್ಕಲಿಲ್ಲ. 1974ರಲ್ಲಿ ಒಪ್ಪಂದವಾಗಿದ್ದರೂ ಅದು ನೆರವೇರಿದ್ದು ರಾಜ್ಯಾಂಗದ ನೂರನೆಯ ತಿದ್ದುಪಡಿಯಾದ ಮೇಲೆ, 2015ರ ಜುಲೈ 31ರ ಮಧ್ಯರಾತ್ರಿ.

ಪಾವಗಡದ ಸ್ಥಿತಿ ಅಷ್ಟು ದಾರುಣವಲ್ಲ. ಇಲ್ಲಿ ಎರಡು ಕಡೆಯೂ ಭಾರತವೇ. ಪ್ರಜೆಗೆ ದೇಶದಲ್ಲೆಲ್ಲ ಸಂಚರಿಸುವ ಹಕ್ಕನ್ನು ರಾಜ್ಯಾಂಗ ಕೊಟ್ಟಿದೆ, ವ್ಯಾಪಾರಕ್ಕೆ ಸ್ವಾತಂತ್ರ್ಯವಿದೆ, ಅಪರಾಧಿಯನ್ನು ಬೆನ್ನಟ್ಟುವ ಪೊಲೀಸರಿಗೂ ಕಾನೂನಿನಲ್ಲಿ ಅಡ್ಡಿಯಿಲ್ಲ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ತೆರಿಗೆಯ ಚೌಕಿಗಳೂ ಹೋದುವು. ಆದರೂ ಹಕ್ಕಿರುವುದು ಬೇರೆ, ದಾರಿ ಸರಿಯಿರುವುದು ಬೇರೆ. ನಡುವಿನ ರಸ್ತೆಯ ತುಂಡು ಹಾಳಾದರೆ ನಮ್ಮ ಲೋಕೋಪಯೋಗಿ ಇಲಾಖೆಯವರು ಒಂದು ಬುಟ್ಟಿ ಜಲ್ಲಿಯನ್ನೂ ಹಾಕುವಂತಿಲ್ಲ. ಹಾಕಬೇಕಾದ ಆಂಧ್ರದವರಿಗೆ ಅದು ಪಾವಗಡದವರ ದಾರಿ, ತಮ್ಮ ಮತದಾರರದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಸಾಂಕ್ರಾಮಿಕದ ನಿಮಿತ್ತ ಕೇಂದ್ರದ ಆಜ್ಞೆಯಂತೆ ಅಂತರರಾಜ್ಯ ಸಂಚಾರ ನಿಂತಿತು. ಮಿಕ್ಕ ತಾಲ್ಲೂಕುಗಳ ಪಾಲಿಗೆ ಅದು ದೂರದ ಊರಿಗೆ ಹೋಗುವ ಮಾತು; ಪಾವಗಡದವರ ಪಾಲಿಗೆ ಸ್ವಂತ ಜಿಲ್ಲೆಯ ಕಚೇರಿಗೂ ಆಸ್ಪತ್ರೆಗೂ ಹೋಗುವ ನೇರ ದಾರಿಯ ಮಾತು.

ಗಡಿ ತಾಲ್ಲೂಕಿಗೂ ಬಿಡಿಸೀಮೆಗೂ ಇರುವ ವ್ಯತ್ಯಾಸ ಇಲ್ಲಿದೆ. ಮಧುಗಿರಿಯೂ ಶಿರಾವೂ ಗಡಿ ತಾಲ್ಲೂಕುಗಳೇ. ಅವುಗಳಿಗೆ ಮುಖದ ಮುಂದೆ ಪರಸೀಮೆ, ಬೆನ್ನ ಹಿಂದೆ ತವರು. ಪಾವಗಡಕ್ಕೆ ಬೆನ್ನ ಹಿಂದೆಯೂ ಪರಸೀಮೆ. ಸರ್ಕಾರದವರು 2010ರಲ್ಲಿ ಗಡಿ ಪ್ರದೇಶಗಳ ಅಭಿವೃದ್ಧಿಗೆಂದು ಪ್ರಾಧಿಕಾರದ ಕಾಯಿದೆ ಮಾಡಿದರು, ಒಳ್ಳೆಯದೇ. ಅದರಿಂದ ರಂಗಮಂದಿರ, ಸಮುದಾಯ ಭವನಗಳಾಗಬಹುದು. ಡಾ. ನಂಜುಂಡಪ್ಪನವರ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಮೂರು ತರಗತಿಗಳಲ್ಲಿ ಎಣಿಸಿತು, ಅದೂ ಉಪಯುಕ್ತವೇ. ಸಾಕ್ಷರತೆ, ಬ್ಯಾಂಕು, ರಸ್ತೆಗಳನ್ನು ಎಣಿಸಿ ಕೋಷ್ಟಕ ಮಾಡಬಹುದು. ಜಿಲ್ಲೆಯಿಂದ ಬೇರ್ಪಟ್ಟ ತಾಲ್ಲೂಕೆಂಬುದು ಯಾವ ಕೋಷ್ಟಕದ ಅಂಕಣಕ್ಕೂ ಸಿಕ್ಕುವ ವಸ್ತುವಲ್ಲ. ರೋಗಕ್ಕೆ ಹೆಸರು ಬೇರೆ ಇಟ್ಟರೆ ಔಷಧಿಯೂ ಬೇರೆಯಾಗುತ್ತದೆ.

ಮತಗಟ್ಟೆಯವರು ಮಾತ್ರ ನಕ್ಷೆಯನ್ನು ನೋಡಿದಂತೆ ತೋರುತ್ತದೆ. ಕ್ಷೇತ್ರಗಳು ಸಾಧ್ಯವಾದಷ್ಟು ಭೌಗೋಳಿಕವಾಗಿ ಒಂದುಗೂಡಿರಬೇಕೆಂದು ಪುನರ್ವಿಂಗಡಣೆಯ ಕಾನೂನು ಹೇಳುತ್ತದೆ. ಪಾವಗಡವೂ ಶಿರಾವೂ ಲೋಕಸಭೆಗೆ ಚಿತ್ರದುರ್ಗ ಕ್ಷೇತ್ರದಲ್ಲಿವೆ. ಮಧುಗಿರಿ, ಕೊರಟಗೆರೆಗಳು ತುಮಕೂರಿನಲ್ಲಿವೆ. ಅಂತು ಪಾವಗಡದ ಪ್ರಜೆ ದೆಹಲಿಗೆ ಚಿತ್ರದುರ್ಗದ ಮೂಲಕ, ವಿಧಾನಸೌಧಕ್ಕೆ ತುಮಕೂರಿನ ಮೂಲಕ, ಬೆಳಗಿನ ಬಸ್ಸಿಗೆ ಆಂಧ್ರದ ಮೂಲಕ ಹೋಗುವವನಾಗಿದ್ದಾನೆ.

ಮನುಷ್ಯರಿಗಿಲ್ಲದ ಸೌಕರ್ಯ ನದಿಗೂ ತಂತಿಗೂ ಉಂಟು. ನಂದಿಬೆಟ್ಟದ ಕಡೆ ಹುಟ್ಟಿದ ಉತ್ತರ ಪಿನಾಕಿನಿ ಗೌರಿಬಿದನೂರನ್ನು ದಾಟಿ ಆಂಧ್ರದ ಹಿಂದೂಪುರದ ಸೀಮೆಗೆ ಹೋಗಿ, ಪುನಃ ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಕನ್ನಡ ನೆಲವನ್ನು ಕಂಡು, ಮತ್ತೆ ಆಂಧ್ರಕ್ಕೆ ಹೋಗುತ್ತದೆ. ಕೊರಟಗೆರೆ, ಮಧುಗಿರಿಗಳ ಜಯಮಂಗಲಿಯೂ ಗೆರೆ ದಾಟಿಯೇ ಅದನ್ನು ಕೂಡುತ್ತದೆ. ಇನ್ನು ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ 13,000 ಎಕರೆಯಲ್ಲಿ ನಿಂತಿರುವ ಸೌರ ವಿದ್ಯುತ್ ಉದ್ಯಾನ 2,050 ಮೆಗಾವಾಟ್ ಸಾಮರ್ಥ್ಯದ್ದು. ರೈತರ ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ತೊಡಗಿ ಗುತ್ತಿಗೆಗೆ ಪಡೆದ ಏರ್ಪಾಡು ಶ್ಲಾಘನೀಯವಾದುದು. ಅಲ್ಲಿ ಹುಟ್ಟಿದ ವಿದ್ಯುತ್ತು ಕಣ್ಣುಮುಚ್ಚಿ ತೆರೆಯುವುದರೊಳಗೆ ಬೆಂಗಳೂರಿನ ದೀಪವನ್ನು ಸೇರಬಲ್ಲುದು. ಅದೇ ಗ್ರಾಮದ ರೋಗಿ ತುಮಕೂರಿನ ಜಿಲ್ಲಾ ಆಸ್ಪತ್ರೆಯನ್ನು ಸೇರಬೇಕಾದರೆ ಎರಡು ರಾಜ್ಯಗಳ ಗುಂಡಿಗಳನ್ನು ಎಣಿಸಬೇಕು.

ನೀರಿನ ಸಂಗತಿ ಬೋಧಪ್ರದವಾಗಿದೆ. ಪಾವಗಡದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿ, ಹಲ್ಲು ಮೂಳೆಗಳು ಕೆಟ್ಟವರ ಗೋಳು ಹಳೆಯದು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಇದಕ್ಕೆ ಪರಿಹಾರವಾಗಿ ತುಂಗಭದ್ರೆಯ ಹಿನ್ನೀರನ್ನು ತರುವ ಯೋಜನೆಯಾಯಿತು. ಆ ಯೋಜನೆ ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆಗಳನ್ನೂ ಪಾವಗಡವನ್ನೂ ಒಂದೇ ಸರಣಿಯಲ್ಲಿ ಕಟ್ಟಿತು. ತನ್ನ ಜಿಲ್ಲೆಯ ಕಡೆಯಿಂದಲ್ಲ, ಪಡುವಣ ಬಾಗಿಲಿನಿಂದ, ಕೈ ನಮ್ಮ ಹತ್ತಿರವೇ ಇರುವ ಏಕಮಾತ್ರ ಬಾಗಿಲಿನಿಂದ, ನೀರನ್ನು ತರಲು ಇಂಜಿನಿಯರುಗಳು ಯೋಚಿಸಿದರು. ಬಿಡಿಸೀಮೆ ಎಂಬ ಶಬ್ದ ಅವರಿಗೆ ಗೊತ್ತಿತ್ತೋ ಇಲ್ಲವೋ, ಅರ್ಥ ಗೊತ್ತಿತ್ತು.

ಮಧುಗಿರಿಯನ್ನು ಜಿಲ್ಲೆಯನ್ನಾಗಿ ಮಾಡಬೇಕೆಂಬ ಬೇಡಿಕೆ ಬಹಳ ದಿನಗಳದು. ಶಿಕ್ಷಣ ಇಲಾಖೆಯವರು ಈ ನಾಲ್ಕು ತಾಲ್ಲೂಕುಗಳನ್ನು ಈಗಾಗಲೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯೆಂದು ಆಳುತ್ತಿದ್ದಾರೆ. ಹತ್ತು ತಾಲ್ಲೂಕುಗಳ ತುಮಕೂರು ಜಿಲ್ಲೆ ಹಿರಿದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ, ಬೇಡಿಕೆಯನ್ನು ವಿರೋಧಿಸುವುದೂ ಇಲ್ಲ. ಆದರೆ ‘ಜಿಲ್ಲೆಯಾದರೆ ಪಾವಗಡದ ಕಷ್ಟ ಪರಿಹಾರವಾಯಿತು’ ಎಂದು ವೇದಿಕೆಗಳ ಮೇಲೆ ಹೇಳುವುದು ಸರಿಯಲ್ಲ. ತುಮಕೂರಿನ ಬಿಡಿಸೀಮೆಯಾಗಿದ್ದುದು ಮಧುಗಿರಿಯ ಬಿಡಿಸೀಮೆಯಾದೀತು, ಅಷ್ಟೆ. ದೂರ ಕಡಮೆಯಾದೀತು, ಮಡಕಶಿರಾ ನಡುವಿನಿಂದ ಎದ್ದುಹೋಗದು. ಚಿತ್ರದುರ್ಗಕ್ಕೆ ಸೇರಿಸಿದರೆ ನಕ್ಷೆ ಅಂದವಾಗುತ್ತದೆ, ಆದರೆ ಜನರ ವ್ಯಾಪಾರ, ವಿದ್ಯಾಭ್ಯಾಸ, ನೆಂಟಸ್ತಿಕೆಗಳು ಮಧುಗಿರಿ, ತುಮಕೂರು, ಬೆಂಗಳೂರುಗಳ ಕಡೆಗೇ ಇವೆ. ನಕ್ಷೆಗಾಗಿ ಜನರನ್ನು ತಿರುಗಿಸುವುದು 1799ರ ಹಂಚಿಕೆಗಾರರ ಬುದ್ಧಿ.

ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮಧುಗಿರಿ, ಕೊರಟಗೆರೆಗಳ ಮೂಲಕ ತುಮಕೂರಿಗೆ ಬರುವ ರೈಲುದಾರಿ 2007–08ರಲ್ಲಿಯೇ ಮಂಜೂರಾದುದು. ರೈಲು ಕೇಂದ್ರದ್ದು, ಅದಕ್ಕೆ ಈ ಗೆರೆಗಳ ಹಂಗಿಲ್ಲ. ಆದುದರಿಂದಲೇ ಅದು ಪಾವಗಡಕ್ಕೆ ಮಿಕ್ಕ ಮೂರು ತಾಲ್ಲೂಕುಗಳಿಗಿಂತ ಹೆಚ್ಚು ಅವಶ್ಯ. ಅದರ ನಿಧಾನವನ್ನು ಕುರಿತು ನಾವು ಪ್ರತ್ಯೇಕವಾಗಿ ಬರೆಯಬೇಕಾಗಿದೆ.

ಸದ್ಯಕ್ಕೆ ಮಾಡಬಹುದಾದ ಕೆಲಸಗಳು ಎರಡು, ಎರಡೂ ದೊಡ್ಡ ಹಣದವಲ್ಲ. ಅಂತರರಾಜ್ಯ ಸಾರಿಗೆ, ಗಡಿಗಳ ವಿಷಯಗಳನ್ನು ಚರ್ಚಿಸಲು 1956ರ ಕಾಯಿದೆಯೇ ದಕ್ಷಿಣ ವಲಯ ಪರಿಷತ್ತನ್ನು ಏರ್ಪಡಿಸಿದೆ. ನಡುವಿನ ರಸ್ತೆಯ ತುಂಡನ್ನು ಕರ್ನಾಟಕದ ವೆಚ್ಚದಲ್ಲಿ ಸುಸ್ಥಿತಿಯಲ್ಲಿಡುವುದಕ್ಕೂ, ಸಂಚಾರ ನಿರ್ಬಂಧಗಳ ಕಾಲದಲ್ಲಿ ಪಾವಗಡದವರಿಗೆ ಅದನ್ನು ತೆರೆದಿಡುವುದಕ್ಕೂ ಆಂಧ್ರ ಸರ್ಕಾರದೊಡನೆ ಒಂದು ಕರಾರನ್ನು ಅಲ್ಲಿ ಕೇಳಬಹುದು. ಪ್ರತಿಯಾಗಿ ಮಡಕಶಿರಾದ ಕನ್ನಡ ವಿದ್ಯಾರ್ಥಿಗಳಿಗೆ ಮಧುಗಿರಿ, ಶಿರಾಗಳ ಕಾಲೇಜುಗಳಲ್ಲಿ ಅನುಕೂಲ ಕೊಟ್ಟರೆ ಅದು ಭಿಕ್ಷೆಯಾಗದು, ಬದಲಿಯಾಗುತ್ತದೆ.

ಎರಡನೆಯದು ನಮ್ಮ ಮನೆಯ ಕೆಲಸ. ಪಹಣಿಯ ಖಾತೆ ಬದಲಾವಣೆಯಲ್ಲಿ ಅನ್ಯಾಯವಾಯಿತೆಂದು ರೈತನು ಭೂಕಂದಾಯ ಕಾಯಿದೆಯಂತೆ ಅಪೀಲು ಮಾಡಬೇಕಾದುದು ಉಪವಿಭಾಗಾಧಿಕಾರಿಗಳಲ್ಲಿ, ಅಂದರೆ ಮಧುಗಿರಿಯಲ್ಲಿ. ನಾಗಲಮಡಿಕೆಯ ರೈತ ಒಂದು ವಾಯಿದೆಗೆ ಹೋಗಿಬರಲು ರಾಜ್ಯದ ಗಡಿಯನ್ನು ನಾಲ್ಕು ಸಲ ದಾಟುತ್ತಾನೆ. ವಾಯಿದೆ ಮುಂದೂಡಿದರೆ ಇನ್ನು ನಾಲ್ಕು ಸಲ. ಉಪವಿಭಾಗಾಧಿಕಾರಿಗಳು ಪ್ರತಿ ತಿಂಗಳೂ ಗೊತ್ತಾದ ಎರಡು ದಿನ ಪಾವಗಡದಲ್ಲಿಯೇ ಕುಳಿತು ಆ ತಾಲ್ಲೂಕಿನ ಅಪೀಲುಗಳನ್ನೆಲ್ಲ ವಿಚಾರಿಸಲು ಯಾವ ಹೊಸ ಕಾಯಿದೆಯೂ ಬೇಕಿಲ್ಲ, ಒಂದು ಜೀಪು ಸಾಕು. ಅಂಥ ದಿನಗಳನ್ನು ನಿಗದಿ ಮಾಡಿ ನಮಗೆ ತಿಳಿಸಿದರೆ ಇದೇ ಪುಟದಲ್ಲಿ ಪ್ರತಿ ತಿಂಗಳೂ ಉಚಿತವಾಗಿ ಪ್ರಕಟಿಸುತ್ತೇವೆ. ಕಾಗದ ಬರೆದ ಪಾವಗಡದ ಮಹನೀಯರು ಮೊದಲನೆಯ ಬೈಠಕ್ಕು ನಡೆದ ದಿನ ಎಷ್ಟು ಅಪೀಲುಗಳು ಕೈಗೆ ಬಂದುವೆಂಬುದನ್ನು ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.